ಬೇಸಿಗೆಯ ಊಟ, ಇಬ್ಬರಿಗೆ ಒಂದು ಬಾಟಲಿ ವೈನ್: ನಿಮ್ಮ ಅನುಭವ ಹೇಳಿ

ಪ್ರಶ್ನೆ

ಮನೆಯಲ್ಲಿ ನಾವು ಇಬ್ಬರೇ. ಬೇಸಿಗೆಯಲ್ಲಿ ರಾತ್ರಿ ಊಟ ಹಗುರವಾಗಿ ಮಾಡುತ್ತೇನೆ. ಟೊಮೆಟೊ ಸಲಾಡ್, ಸೌತೆಕಾಯಿ, ಎಳೆ ಜೋಳ, ಸುಟ್ಟ ಮೀನು, ಆಗಾಗ ಖಾರದ ಚಿಕನ್. ಜೊತೆಗೆ ಒಂದೊಂದು ಗ್ಲಾಸ್ ವೈನ್ ಇರಲಿ ಅನಿಸುತ್ತದೆ, ಆದರೆ ಯಾವುದಕ್ಕೆ ಯಾವುದು ಸರಿ ಅಂತ ಗೊತ್ತಾಗುವುದಿಲ್ಲ. ನಮ್ಮವರಿಗೆ ರೆಡ್ ವೈನೇ ಬೇಕು. ನನಗೆ ಸೆಕೆಯಲ್ಲಿ ಅದು ಭಾರ. ಇಬ್ಬರಿಗೆ ಒಂದು ಬಾಟಲಿ ಜಾಸ್ತಿಯೇ ಆಗುತ್ತದೆ, ಮಿಕ್ಕಿದ್ದನ್ನು ಏನು ಮಾಡುತ್ತೀರಿ? ಮನೆಯಲ್ಲಿ ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ

ಮೇಡಂ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಬ್ಬರೇ ಇರುವ ಮನೆಯಲ್ಲಿ ಅದೇ ಮುಖ್ಯ.

ಬಾಟಲಿಯಲ್ಲಿ 750 ಮಿ.ಲೀ. ಇರುತ್ತದೆ. ಗ್ಲಾಸಿಗೆ 150 ಮಿ.ಲೀ. ಹಾಕಿದರೆ ಐದು ಗ್ಲಾಸ್. ಇಬ್ಬರಿಗೆ ಎರಡು ರಾತ್ರಿಗೆ ನಾಲ್ಕು ಗ್ಲಾಸ್ ಹೋಯಿತು, ಒಂದು ಉಳಿಯಿತು. ಹಾಗಾಗಿ ನಾನು ಒಂದು ಬಾಟಲಿ ತೆರೆಯುವಾಗಲೇ ಎರಡು ರಾತ್ರಿಯ ಅಡುಗೆ ಯೋಚಿಸಿಕೊಳ್ಳುತ್ತೇನೆ. ಉಳಿದ ಒಂದು ಗ್ಲಾಸ್ ಎರಡನೇ ದಿನದ ಬಾಣಲೆಗೆ. ಹೀಗೆ ಮಾಡಿದರೆ ಮಿಕ್ಕುವ ಮಾತೇ ಇಲ್ಲ.

ಉದಾಹರಣೆಗೆ ಸೋವಿನ್ಯೋನ್ ಬ್ಲಾಂಕ್ ಎಂಬ ದ್ರಾಕ್ಷಿಯ ವೈಟ್ ವೈನ್ ತಂದಿದ್ದೀರಿ ಅಂದುಕೊಳ್ಳಿ. ಮೊದಲ ರಾತ್ರಿ ಟೊಮೆಟೊ ಸಲಾಡ್, ಮೇಲೆ ಮೇಕೆ ಹಾಲಿನ ಚೀಸ್. ಫ್ರಾನ್ಸಿನ ಲುವಾರ್ ಕಣಿವೆಯ ಸಾನ್ಸೇರ್ ಪ್ರದೇಶದಲ್ಲಿ ಈ ದ್ರಾಕ್ಷಿಯ ವೈನೂ ಮೇಕೆ ಚೀಸೂ ಅಕ್ಕಪಕ್ಕದಲ್ಲೇ ತಯಾರಾಗುತ್ತವೆ. ಅಲ್ಲಿ ಇದು ಹಳೆಯ ಜೋಡಿ. ಎರಡನೇ ರಾತ್ರಿ ನಿಂಬೆ, ಸೊಪ್ಪು ಹಾಕಿದ ಮೀನು. ಮಿಕ್ಕ ಗ್ಲಾಸನ್ನು ಮೀನು ಬೇಯಿಸುವ ಬಾಣಲೆಗೇ ಹಾಕಿ ಅರ್ಧಕ್ಕೆ ಇಂಗಿಸಿ, ಒಲೆ ಆರಿಸಿ, ಒಂದು ಚೂರು ಬೆಣ್ಣೆ ಸೇರಿಸಿ. ಸಾಸ್ ಆಯಿತು.

ಇನ್ನು ಆಯ್ಕೆಯ ವಿಷಯ. ಮೀನೋ ಕೋಳಿಯೋ ತರಕಾರಿಯೋ ಅನ್ನುವುದಕ್ಕಿಂತ ಅದರ ಮೇಲೆ ಏನು ಬಿದ್ದಿದೆ ಅಂತ ನೋಡಿ. ನಿಂಬೆಯಾ, ಬೆಣ್ಣೆಯಾ, ಮೆಣಸಿನಕಾಯಾ, ಹೊಗೆಯಾ? ಬೇಸಿಗೆಯ ಅಡುಗೆಯಲ್ಲಿ ಹುಳಿ ಜಾಸ್ತಿ. ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆಯಾದರೆ ವೈನ್ ಸಪ್ಪೆ, ನೀರು ನೀರು. ಸಮವಾಗಿದ್ದರೆ ಅಥವಾ ಸ್ವಲ್ಪ ಮೇಲಿದ್ದರೆ ಎರಡೂ ಚೆನ್ನ. ಆದ್ದರಿಂದ ಸೋವಿನ್ಯೋನ್ ಬ್ಲಾಂಕ್, ಆಲ್ಬರೀನ್ಯೋ, ವೀನ್ಯೋ ವೆರ್ಡೆ, ಮಸ್ಕಡೆ ಇಂಥ ಹುಳಿ ಇರುವ ವೈಟ್ ವೈನ್‌ಗಳು ಬೇಸಿಗೆಗೆ ಹೇಳಿ ಮಾಡಿಸಿದ ಹಾಗಿವೆ. ಸಲಾಡಿಗೆ ವಿನೆಗರ್ ಬದಲು ನಿಂಬೆ ಹಿಂಡಿ, ಅದನ್ನೂ ಕೈ ಹಿಡಿದು. ವಿನೆಗರಿನ ಕಟು ವಾಸನೆ ಮೂಗಿಗೆ ಬಿದ್ದ ಮೇಲೆ ಎಷ್ಟು ಒಳ್ಳೆಯ ವೈನಾದರೂ ಅದರ ಘಮ ಸಿಗುವುದಿಲ್ಲ.

ಉತ್ತರ

ದಪ್ಪ ಮೆಣಸಿನಕಾಯಿ ನೀವು ಹೇಳಲಿಲ್ಲ, ಆದರೆ ಅದೂ ಬೇಸಿಗೆಯದೇ ಅಲ್ವಾ? ಅದಕ್ಕೂ ಸೋವಿನ್ಯೋನ್ ಬ್ಲಾಂಕೇ ಸರಿ. ಎರಡರಲ್ಲೂ ಪಿರಜಿನ್ ಎಂಬ ಒಂದೇ ಬಗೆಯ ಘಮದ ಅಂಶ ಇದೆ. ಹಸಿ ಹಸಿ ವಾಸನೆ ಬರುವುದು ಅದರಿಂದ.

ಎಳೆ ಜೋಳ ಸಿಹಿ, ಅದರ ಮೇಲೆ ಬೆಣ್ಣೆ ಬೇರೆ. ಇದಕ್ಕೆ ತೀರಾ ಹುಳಿ ವೈನ್ ನನಗೆ ಹಿಡಿಸುವುದಿಲ್ಲ. ದುಂಡಗಿನ ರುಚಿಯ ಶಾರ್ಡನೇ ಎಂಬ ವೈಟ್ ವೈನ್ ಒಂದಕ್ಕೆ ಬೇಸಿಗೆಯಲ್ಲಿ ಜಾಗ ಇದ್ದರೆ ಅದು ಇಲ್ಲೇ.

ಉತ್ತರ

ಖಾರದ ಚಿಕನ್ ಬಗ್ಗೆ ಯಾರೂ ಹೇಳಲಿಲ್ಲ. ಇಲ್ಲಿ ಜಾಗ್ರತೆ ಬೇಕು.

ಮೆಣಸಿನಕಾಯಿಯ ಉರಿ ತಟ್ಟುವ ನರಗಳನ್ನೇ ಆಲ್ಕೋಹಾಲ್ ಕೂಡ ಕೆಣಕುತ್ತದೆ. ಹಾಗಾಗಿ ಶೇಕಡಾ 14ರ ವೈನ್ ಕುಡಿದರೆ ಖಾರ ಇನ್ನೂ ಏರುತ್ತದೆ. ಒಗರು ರೆಡ್ ಆದರೆ ಮತ್ತೂ ಕಷ್ಟ, ನಾಲಿಗೆ ಒಣಗಿ ಉರಿಯುತ್ತದೆ. ಬೇಕಾದದ್ದು ಇದರ ಉಲ್ಟಾ: ಆಲ್ಕೋಹಾಲ್ ಕಡಿಮೆ, ಸ್ವಲ್ಪ ಸಿಹಿ, ಚೆನ್ನಾಗಿ ತಣ್ಣಗೆ. ಜರ್ಮನಿಯ ಮೊಸೆಲ್ ಕಣಿವೆಯ ರೀಸ್ಲಿಂಗ್ ಎಂಬ ವೈಟ್ ವೈನ್‌ಗಳಲ್ಲಿ ಲೇಬಲ್ ಮೇಲೆ ಕಾಬಿನೆಟ್ ಅಂತ ಬರೆದಿರುವುದನ್ನು ಹುಡುಕಿ. ಹಲವು ಬಾಟಲಿಗಳಲ್ಲಿ ಆಲ್ಕೋಹಾಲ್ ಶೇಕಡಾ 8ರಿಂದ 10ರೊಳಗೆ ಇರುತ್ತದೆ. ಆದರೆ ಲೇಬಲ್ಲಿನಲ್ಲಿ ಟ್ರೋಕೆನ್ ಅಂತಲೂ ಇದ್ದರೆ ಅದರಲ್ಲಿ ಸಿಹಿ ಇರುವುದಿಲ್ಲ, ಅದು ಖಾರಕ್ಕೆ ಬೇಡ.

ಸಿಹಿ ವೈನ್ ಅಂದರೆ ಕೀಳು ಅಂತ ಅನೇಕರು ಮೂಗು ಮುರಿಯುತ್ತಾರೆ. ನನಗೆ ಅದು ಬೇಸರ. ಖಾರದ ಊಟದ ಜೊತೆ ಆ ಸಿಹಿ ಎದ್ದು ಕಾಣುವುದೇ ಇಲ್ಲ. ಉರಿ ಇಳಿದು ಹಣ್ಣಿನ ರುಚಿ ಉಳಿಯುತ್ತದೆ. ಒಮ್ಮೆ ಮಾಡಿ ನೋಡಿ, ಮೇಡಂ.

ಉತ್ತರ

ರೆಡ್ ಬೇಕು ಅನ್ನುವ ನಿಮ್ಮವರ ಪರ ನಾನು! ಬೇಸಿಗೆಯಲ್ಲಿ ರೆಡ್ ಭಾರ ಅನಿಸಲು ದೊಡ್ಡ ಕಾರಣ ಬಿಸಿ. ರೆಡ್ ವೈನ್ ಕೋಣೆಯ ಬಿಸಿಯಲ್ಲೇ ಇರಬೇಕು ಅನ್ನುವ ಮಾತು ತಂಪು ಕೋಣೆಗಳಿಗೆ ಸರಿ. 30 ಡಿಗ್ರಿಯ ಕೋಣೆಯಲ್ಲಿ ಇಟ್ಟ ರೆಡ್‌ನಲ್ಲಿ ಆಲ್ಕೋಹಾಲಿನ ಘಾಟೇ ಮುಂದೆ ಬರುತ್ತದೆ.

ಒಗರು ಕಡಿಮೆ ಇರುವ ತೆಳು ರೆಡ್ ತನ್ನಿ. ಫ್ರಾನ್ಸಿನ ಬೋಜೊಲೆ ಪ್ರದೇಶದ ಗಾಮೇ ದ್ರಾಕ್ಷಿಯದು ಆಗಬಹುದು, ಹಗುರವಾದ ಪೀನೊ ನುವಾರ್ ದ್ರಾಕ್ಷಿಯದು ಆಗಬಹುದು. ಊಟಕ್ಕೆ ಅರ್ಧ ಗಂಟೆ ಮುಂಚೆ ಫ್ರಿಜ್ಜಿಗೆ ಇಡಿ, ಸೆಕೆ ಜೋರಿದ್ದರೆ ಒಂದು ಗಂಟೆ. 12ರಿಂದ 14 ಡಿಗ್ರಿಗೆ ಬಂದರೆ ಸಾಕು. ದಪ್ಪ ಒಗರಿನ ರೆಡ್‌ಗಳನ್ನು ಮಾತ್ರ ಹೀಗೆ ತಣ್ಣಗೆ ಮಾಡಬೇಡಿ, ತಣ್ಣಗಾದಷ್ಟೂ ಒಗರು ಕಹಿ ಜಾಸ್ತಿ ಆಗುತ್ತದೆ.

ವೈಟ್‌ಗೆ 8ರಿಂದ 12 ಡಿಗ್ರಿ ಸಾಕು. ಫ್ರಿಜ್ಜಿನ 4 ಡಿಗ್ರಿಯಿಂದ ನೇರ ಗ್ಲಾಸಿಗೆ ಬಂದರೆ ಘಮವೇ ಏಳುವುದಿಲ್ಲ, ಹತ್ತು ನಿಮಿಷ ಮುಂಚೆ ಹೊರಗಿಡಿ. ಅವಸರಕ್ಕೆ ಪಾತ್ರೆಯಲ್ಲಿ ಐಸ್, ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿ ಮುಳುಗಿಸಿ. ಬರೀ ಐಸ್ ಹಾಕಿದರೆ ನಡುವೆ ಗಾಳಿ ಉಳಿದು ತಡವಾಗುತ್ತದೆ. ನೀರು ಬಾಟಲಿಯನ್ನು ಸುತ್ತಲೂ ತಬ್ಬುತ್ತದೆ, ಉಪ್ಪು ಆ ನೀರನ್ನು ಸೊನ್ನೆಗಿಂತ ಕೆಳಕ್ಕೆ ಇಳಿಸುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಹಾಗಾದರೆ ತಣ್ಣಗಿನ ಗಾಮೇ ಸುಟ್ಟ ಮೀನಿಗೂ ಆಗುತ್ತದಾ? ಇಬ್ಬರಿಗೂ ಒಂದೇ ಬಾಟಲಿ ಸಾಕಾಗಲಿ ಅಂತ ಆಸೆ. ಕೆಂಡದ ಮೇಲೆ ಬದನೆಕಾಯಿಯನ್ನೂ ಸುಡುತ್ತೇನೆ.

ಉತ್ತರ

ಬದನೆಕಾಯಿಗೆ ಧಾರಾಳವಾಗಿ ಆಗುತ್ತದೆ. ಮೀನಿಗೆ ನೋಡಿಕೊಂಡು. ರೆಡ್ ಜೊತೆ ಮೀನು ತಿಂದರೆ ಕೆಲವೊಮ್ಮೆ ಬಾಯಲ್ಲಿ ಹಸಿ ಮೀನಿನ ವಾಸನೆ ಉಳಿಯುತ್ತದೆ. 2009ರಲ್ಲಿ ಜಪಾನಿನ ಸಂಶೋಧಕರು ಸಮುದ್ರದ ಚಿಪ್ಪು ಮಾಂಸದ ಜೊತೆ ಬೇರೆ ಬೇರೆ ವೈನ್ ರುಚಿ ನೋಡಿಸಿ, ಇದಕ್ಕೆ ಕಾರಣ ವೈನಿನಲ್ಲಿರುವ ಕಬ್ಬಿಣದ ಅಂಶ ಎಂದು ತೋರಿಸಿದರು. ಕಬ್ಬಿಣ ಜಾಸ್ತಿ ಇದ್ದಷ್ಟೂ ವಾಸನೆ ಜಾಸ್ತಿ. ಬಾಟಲಿ ಮೇಲೆ ಅದನ್ನು ಬರೆದಿರುವುದಿಲ್ಲವಲ್ಲ! ಹಾಗಾಗಿ ಬಂಗುಡೆಯಂಥ ಎಣ್ಣೆ ಮೀನಿಗೆ ನಾನು ರೆಡ್ ಇಡುವುದೇ ಇಲ್ಲ.

ಇಬ್ಬರಿಗೂ ಒಂದೇ ಬಾಟಲಿ ಅಂದರೆ ನನ್ನ ಉತ್ತರ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್. ಅದರಲ್ಲೂ ಫ್ರಾನ್ಸಿನ ರೋನ್ ಕಣಿವೆಯ ತಾವೆಲ್. ಆ ಹೆಸರಿನಲ್ಲಿ ರೋಸೆ ಬಿಟ್ಟು ಬೇರೆ ವೈನ್ ಮಾಡುವಂತೆಯೇ ಇಲ್ಲ. ಬಣ್ಣವೂ ಗಾಢ, ಮೈಯೂ ತುಂಬಿರುತ್ತದೆ. ರೆಡ್ ಇಷ್ಟಪಡುವವರಿಗೆ ಕೊರತೆ ಅನಿಸುವುದಿಲ್ಲ, ನಿಮಗೆ ತಣ್ಣಗೆ ಹಗುರ ಅನಿಸುತ್ತದೆ. ಸುಟ್ಟ ಮೀನು, ಬದನೆಕಾಯಿ, ಬೆಳ್ಳುಳ್ಳಿ, ಟೊಮೆಟೊ ಎಲ್ಲಕ್ಕೂ ನಿಲ್ಲುತ್ತದೆ. ತಾವೆಲ್ ಸಿಗದಿದ್ದರೆ ಅಂಗಡಿಯಲ್ಲಿ ಬಣ್ಣ ತುಸು ಗಾಢ ಇರುವ, ಸಿಹಿ ಇಲ್ಲದ ರೋಸೆ ಕೇಳಿ.

ಉತ್ತರ

ಊಟದ ಕೊನೆಗೆ ಹಣ್ಣು ಇದ್ದರೆ ಒಂದು ಮಾತು. ವೈನ್ ಹಣ್ಣಿಗಿಂತ ಸಿಹಿಯಾಗಿರಬೇಕು. ಇಲ್ಲದಿದ್ದರೆ ಮಾಗಿದ ಪೀಚ್ ತಿಂದ ಮೇಲೆ ವೈನ್ ಬರೀ ಹುಳಿ. ಇಟಲಿಯ ಮೊಸ್ಕಾತೊ ದಾಸ್ತಿ ಇದಕ್ಕೆ ಬಹಳ ಚೆಂದ, ಆಲ್ಕೋಹಾಲ್ ಶೇಕಡಾ 5ರ ಆಸುಪಾಸು, ಸಣ್ಣಗೆ ನೊರೆ. ಪ್ರೊಸೆಕೊ ಎಂಬ ಇಟಲಿಯ ನೊರೆ ವೈನ್ ಕೊಳ್ಳುವಾಗ ಲೇಬಲ್ ಗಮನಿಸಿ: ಎಕ್ಸ್‌ಟ್ರಾ ಡ್ರೈ ಅಂತ ಇರುವುದು ಬ್ರೂಟ್ ಅಂತ ಇರುವುದಕ್ಕಿಂತ ಸಿಹಿ. ಹೆಸರು ನೋಡಿದರೆ ಉಲ್ಟಾ ಅನಿಸುತ್ತದೆ.

ಪ್ರಶ್ನೆ ಕೇಳಿದವರು

ಎರಡನೇ ರಾತ್ರಿ ಅಂದರೆ ಮರುದಿನವೇ ಆಗಬೇಕಾ? ಎರಡು ದಿನ ಬಿಟ್ಟರೆ?

ಉತ್ತರ

ಮರುದಿನವೇ ಆಗಬೇಕಿಲ್ಲ, ಮೇಡಂ. ವೈನನ್ನು ಕೆಡಿಸುವುದು ಗಾಳಿ, ಅದಕ್ಕೆ ನೆರವಾಗುವುದು ಬಿಸಿ. ನಾನು ಒಂದು 375 ಮಿ.ಲೀ. ಖಾಲಿ ಬಾಟಲಿ ತೊಳೆದು ಒಣಗಿಸಿ ಇಟ್ಟುಕೊಂಡಿದ್ದೇನೆ. ದೊಡ್ಡದನ್ನು ತೆರೆದ ಕೂಡಲೇ, ಊಟಕ್ಕೆ ಕೂರುವ ಮುಂಚೆಯೇ, ಅರ್ಧ ಅದಕ್ಕೆ ಕತ್ತಿನವರೆಗೂ ತುಂಬಿ ಮುಚ್ಚಳ ಬಿಗಿದು ಫ್ರಿಜ್ಜಿಗೆ. ಒಳಗೆ ಗಾಳಿಗೆ ಜಾಗವೇ ಇರುವುದಿಲ್ಲ. ಹುಳಿ ಇರುವ ವೈಟ್, ರೋಸೆ ಹೀಗೆ ನಾಲ್ಕೈದು ದಿನ ಚೆನ್ನಾಗಿರುತ್ತವೆ. ತೆಳು ರೆಡ್ ಅಷ್ಟು ತಡೆಯುವುದಿಲ್ಲ, ಎರಡು ಮೂರು ದಿನದಲ್ಲಿ ಮುಗಿಸಿ. ಅದೂ ಫ್ರಿಜ್ಜಿನಲ್ಲೇ ಇರಲಿ. ನೊರೆ ವೈನಿಗೆ ಈ ಉಪಾಯ ಬೇಡ, ಸುರಿಯುವಾಗಲೇ ಗುಳ್ಳೆ ಹೋಗುತ್ತದೆ. ಅದಕ್ಕೆ ಬಿಗಿ ಹಿಡಿಕೆಯ ಮುಚ್ಚಳ ಬೇರೆ ಸಿಗುತ್ತದೆ.

ಕುಡಿಯುವ ಮುಂಚೆ ಮೂಸಿ ನೋಡಿ. ಜಜ್ಜಿದ ಸೇಬಿನ ವಾಸನೆ ಬಂದರೆ ಗ್ಲಾಸಿಗೆ ಬೇಡ, ಸಾಸಿಗೆ ಹಾಕಿ. ವಿನೆಗರ್ ವಾಸನೆ ಬಂದಿದ್ದರೆ ಅಡುಗೆಗೂ ಬೇಡ, ಚೆಲ್ಲಿಬಿಡಿ.