ಬ್ರನೋ ಬಿಟ್ಟು ಸ್ಲಾವ್ಕೊವ್‌ಗೆ ಹೋಗಬಹುದಾ? ಮಗಳಿಗೆ 5 ವರ್ಷ

ಪುಟ್ಟಿ ಅಮ್ಮ, ಬ್ರನೋ:
ಎಲ್ಲರಿಗೂ ನಮಸ್ಕಾರ. ನಾವು ಚೆಕ್ ದೇಶಕ್ಕೆ ಬಂದು ಒಂದೂವರೆ ವರ್ಷ ಆಯಿತು. ಬ್ರನೋದಲ್ಲಿ ಬಾಡಿಗೆ ಜಾಸ್ತಿ, ಮನೆ ಚಿಕ್ಕದು. ಸ್ಲಾವ್ಕೊವ್‌ನಲ್ಲಿ ಹಿತ್ತಲು ಇರುವ ಮನೆಯೊಂದು ಸಿಕ್ಕಿದೆ. ಯಜಮಾನರಿಗೆ ತುಂಬಾ ಇಷ್ಟವಾಗಿದೆ. ಆದರೆ ಮಗಳಿಗೆ ಮೊನ್ನೆ ತಾನೇ 5 ತುಂಬಿತು, ಚೆಕ್ ಒಂದಕ್ಷರ ಬರುವುದಿಲ್ಲ. ಅಷ್ಟು ಚಿಕ್ಕ ಊರಲ್ಲಿ ಒಂಟಿಯಾಗಿಬಿಡುತ್ತಾಳಾ ಅಂತ ರಾತ್ರಿ ನಿದ್ದೆ ಬರುತ್ತಿಲ್ಲ. ಅಲ್ಲಿನ ಶ್ಕೋಲ್ಕಾಗೆ (ಶಿಶುವಿಹಾರಕ್ಕೆ) ಮಕ್ಕಳನ್ನು ಸೇರಿಸಿದವರು ಇದ್ದೀರಾ? ನಾವು ಸಸ್ಯಾಹಾರಿಗಳು. ಊಟದ್ದು ಹೇಗೆ?

ಮಂಡ್ಯದವ, ಸ್ಲಾವ್ಕೊವ್:
ಬನ್ನಿ ಮೇಡಂ, ಒಳ್ಳೆ ಊರು. ಬ್ರನೋದಿಂದ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್, ರೈಲಿನಲ್ಲಿ ಅರ್ಧ ಗಂಟೆ. ಅದೇ ಟಿಕೆಟ್‌ನಲ್ಲಿ ಬ್ರನೋ ಟ್ರಾಮ್ ಕೂಡ ಹತ್ತಬಹುದು. ಜನ 7 ಸಾವಿರದ ಆಸುಪಾಸು. ಪಕ್ಕದಲ್ಲೇ ಲಿತಾವಾ ಅನ್ನುವ ಸಣ್ಣ ಹೊಳೆ, ಸುತ್ತ ಹೊಲ.

ಈ ಊರಿನ ಜರ್ಮನ್ ಹೆಸರು ಆಸ್ಟರ್ಲಿಟ್ಸ್. 1805ರ ಡಿಸೆಂಬರ್ 2ರಂದು ನೆಪೋಲಿಯನ್ ರಷ್ಯಾ ಮತ್ತು ಆಸ್ಟ್ರಿಯಾ ಸೈನ್ಯಗಳನ್ನು ಸೋಲಿಸಿದ್ದು ಇಲ್ಲೇ. ಕಾದಾಟ ನಡೆದದ್ದು ಊರೊಳಗಲ್ಲ, ಊರಿಗೂ ಬ್ರನೋಗೂ ನಡುವಿನ ದಿಬ್ಬಗಳಲ್ಲಿ. ನಾಲ್ಕು ದಿನ ಆದಮೇಲೆ ಕದನವಿರಾಮಕ್ಕೆ ಸಹಿ ಬಿದ್ದದ್ದು ನಮ್ಮೂರ ಕೌನಿಟ್ಸ್ ಅರಮನೆಯಲ್ಲಿ. 1799ರಲ್ಲಿ ಕೈರೋದಿಂದ ನಮ್ಮ ಟಿಪ್ಪುವಿಗೆ ಕಾಗದ ಬರೆದವನೂ ಇದೇ ನೆಪೋಲಿಯನ್. ಕಾಗದ ಬ್ರಿಟಿಷರ ಕೈಗೆ ಸಿಕ್ಕಿಬಿಟ್ಟಿತು. ಶ್ರೀರಂಗಪಟ್ಟಣದ ಪಕ್ಕದಲ್ಲಿ ಬೆಳೆದ ನನಗೆ ಇದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಪ್ರಾತ್ಸೆ ಹಳ್ಳಿ ಹತ್ತಿರ ಸತ್ತ ಸೈನಿಕರ ನೆನಪಿಗೆ ಶಾಂತಿ ಸ್ಮಾರಕ ಇದೆ. ಒಳಗೆ ಒಂದು ಮೂಲೆಯಲ್ಲಿ ಪಿಸುಗುಟ್ಟಿದರೆ ಎದುರು ಮೂಲೆಯಲ್ಲಿ ಕೇಳುತ್ತದೆ. ನನ್ನ ಮಗ ಅಲ್ಲಿ "ಅಪ್ಪಾ, ಹಸಿವು" ಅಂತ ಕನ್ನಡದಲ್ಲೇ ಪಿಸುಗುಟ್ಟಿದ್ದ.

ಧಾರವಾಡ ಮಂದಿ, ಪ್ರಾಗ್:
ಅರಮನೆ, ಯುದ್ಧ ಎಲ್ಲ ಆಮೇಲೆ. ಮೊದಲು ಕನ್ನಡದ ಚಿಂತೆ ಮಾಡಿ. ನಾನು ಇಲ್ಲಿಗೆ ಬಂದು 14 ವರ್ಷ. ಮಗ ಊರಿನವರ ಹಾಗೆ ಚೆಕ್ ಮಾತಾಡುತ್ತಾನೆ ಅಂತ ನಾವೇ ಎಲ್ಲರಿಗೂ ಹೇಳಿ ಹಿಗ್ಗುತ್ತಿದ್ದೆವು. ನಮ್ಮ ಅವ್ವ ಫೋನ್ ಮಾಡಿದರೆ "ನಮಸ್ಕಾರ ಅಜ್ಜಿ" ಅಂದು ಫೋನ್ ನನಗೇ ಕೊಡುತ್ತಿದ್ದ. ಅವ್ವ ಹೋದ ವರ್ಷ ತೀರಿಕೊಂಡರು. ಮೊಮ್ಮಗನ ಜೊತೆ ಒಂದು ಪೂರ್ತಿ ಮಾತು ಆಡದೆಯೇ ಹೋದರು. ಚಿಕ್ಕ ಊರಿಗೆ ಹೋದರೆ ಕನ್ನಡ ಇನ್ನೂ ಬೇಗ ಹೋಗುತ್ತದೆ. ಮಗುವಿಗೆ 10 ಆಗುವುದರೊಳಗೆ ಊರಿಗೆ ವಾಪಸ್ ಹೋಗಿಬಿಡಿ. ನನ್ನ ಮಾತು ಕೇಳಿ.

ಶಿರಸಿ ಅಕ್ಕ, ಓಲೊಮೌತ್ಸ್:
ಅಣ್ಣಾ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಹೋದದ್ದು ಊರಿನಿಂದಲ್ಲ, ಮನೆಯೊಳಗಿಂದ. ನನ್ನ ಇಬ್ಬರು ಹೆಣ್ಣುಮಕ್ಕಳೂ ಚೆಕ್ ಶಾಲೆಯವರೇ. ದಿನಾ ಮಲಗುವಾಗ ಕನ್ನಡದಲ್ಲೇ ಕಥೆ, ಒಂದು ದಿನವೂ ತಪ್ಪಿಸಿಲ್ಲ. ದೊಡ್ಡವಳು ಅಜ್ಜನಿಗೆ ಕನ್ನಡದಲ್ಲಿ ಕಾಗದ ಬರೆಯುತ್ತಾಳೆ.

ಧಾರವಾಡ ಮಂದಿ, ಪ್ರಾಗ್:
ಎಲ್ಲರ ಮನೆಯಲ್ಲೂ ಅಷ್ಟು ಹೊತ್ತು ಇರುವುದಿಲ್ಲ ತಂಗಿ. ಇಬ್ಬರೂ ದುಡಿಯುವವರು ಏನು ಮಾಡಬೇಕು?

ಶಿರಸಿ ಅಕ್ಕ, ಓಲೊಮೌತ್ಸ್:
ನಾನೂ ದುಡಿಯುತ್ತೇನೆ ಅಣ್ಣಾ. ಹತ್ತು ನಿಮಿಷ ಸಾಕು.

ಪುಟ್ಟಿ ಅಮ್ಮ, ಬ್ರನೋ:
ಮನೆಯಲ್ಲಿ ಕನ್ನಡವೇ ಮಾತಾಡುತ್ತೇವೆ. ಶ್ಕೋಲ್ಕಾ ಬಗ್ಗೆ ಯಾರಾದರೂ ಹೇಳ್ತೀರಾ ಪ್ಲೀಸ್?

ಮಂಡ್ಯದವ, ಸ್ಲಾವ್ಕೊವ್:
ಕ್ಷಮಿಸಿ ಮೇಡಂ, ಟಿಪ್ಪು ನೆನಪಾಗಿ ಅದನ್ನೇ ಬಿಟ್ಟೆ. ಶಾಲೆಗೆ ಮುಂಚಿನ ಒಂದು ವರ್ಷ ಶ್ಕೋಲ್ಕಾ ಇಲ್ಲಿ ಕಡ್ಡಾಯ. ಸರ್ಕಾರದ್ದಾದರೆ ಆ ವರ್ಷ ಫೀಸಿಲ್ಲ, ಊಟಕ್ಕೆ ಮಾತ್ರ ಕೊಡಬೇಕು. ಊರಿನ ವಿಳಾಸ ಇದ್ದರೆ ಜಾಗಕ್ಕೆ ನಿಮಗೆ ಆದ್ಯತೆ ಸಿಗುತ್ತದೆ. ಅದಕ್ಕೇ ಬಾಡಿಗೆ ಕರಾರು ಬೇಗ ಮಾಡಿಸಿ. ಊಟದಲ್ಲಿ ಮಾಂಸ ಇರುತ್ತದೆ. ನಾವು ಸೇರಿಸುವ ಮುಂಚೆಯೇ ಕೂತು ಮಾತಾಡಿದ್ದರಿಂದ ಮನೆಯ ಡಬ್ಬಿಗೆ ಒಪ್ಪಿದರು. ಮೊದಲ ಎರಡು ತಿಂಗಳು ಮಗ ಅಲ್ಲಿ ಬಾಯಿ ಬಿಡಲಿಲ್ಲ. ದಿನಾ ಗೇಟಿನ ಹತ್ತಿರ ಅಳು. ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲಿ ಗೊಂಬೆಗಳ ಜೊತೆ ಚೆಕ್ ಮಾತಾಡುತ್ತಿದ್ದ. ಮಗಳು ಕಲಿಯುತ್ತಾಳೆ, ನೀವಿಬ್ಬರೂ ಕಲಿಯಿರಿ. 5 ವರ್ಷ ಆದಮೇಲೆ ಪರ್ಮನೆಂಟ್ ರೆಸಿಡೆನ್ಸಿಗೆ ಎ2 ಮಟ್ಟದ, ಅಂದರೆ ದಿನಬಳಕೆಯ ಸರಳ ಮಾತಿನ ಮಟ್ಟದ ಚೆಕ್ ಪರೀಕ್ಷೆ ದೊಡ್ಡವರಿಗೆ ಇದ್ದೇ ಇದೆ.

ಪುಟ್ಟಿ ಅಮ್ಮ, ಬ್ರನೋ:
ಡಬ್ಬಿ ವಿಷಯ ಕೇಳಿ ಅರ್ಧ ಜೀವ ಬಂತು ಅಣ್ಣಾ. ಶನಿವಾರ ಮನೆ ನೋಡಲು ಬರುತ್ತೇವೆ. ಸ್ಟೇಷನ್‌ನಿಂದ ನಡೆದೇ ಹೋಗಬಹುದಾ?

ಧಾರವಾಡ ಮಂದಿ, ಪ್ರಾಗ್:
ಹೋದಾಗ ಅಲ್ಲಿಂದಲೇ ಅಜ್ಜಿಗೆ ವಿಡಿಯೊ ಕಾಲ್ ಮಾಡಿ. ಹಿತ್ತಲನ್ನು ಮಗಳೇ ತೋರಿಸಲಿ, ನೀವು ಮಧ್ಯೆ ಬಾಯಿ ಹಾಕಬೇಡಿ.