'ಪಾಸಿಂಗ್' ಅನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳೋಣ?

ಗೆಳೆಯರೆ,

ಹಾಲಿವುಡ್ ಸಿನಿಮಾಗಳು ಕಪ್ಪು ಜನರನ್ನೂ ಬಿಳಿಯರನ್ನೂ ಒಟ್ಟಿಗೆ ಹೇಗೆ ತೋರಿಸಿವೆ ಎಂದು ಬರೆಯುತ್ತಿದ್ದೇನೆ. 'ಪಾಸಿಂಗ್' ಎಂಬಲ್ಲಿ ಲೇಖನಿ ನಿಂತಿದೆ. ಕಪ್ಪು ತಾಯಿಯ ಮಗಳು, ಮೈಬಣ್ಣ ತಿಳಿ. ಊರು ಬಿಟ್ಟು ಹೋಗಿ ಬಿಳಿಯಳೆಂದೇ ಬಾಳುತ್ತಾಳೆ. ಇದೇ ಪಾಸಿಂಗ್. ಒಂದು ಹನಿ ಕಪ್ಪು ರಕ್ತವಿದ್ದರೂ ಕಪ್ಪೇ ಎಂದು ಅಮೆರಿಕದ ಹಲವು ರಾಜ್ಯಗಳ ಕಾನೂನು ಹೇಳುತ್ತಿದ್ದ ಕಾಲದ ಮಾತು.

'ಸೋಗು', 'ನಟನೆ' ಎಂದರೆ ಅವಳು ಮೋಸಗಾತಿಯಾಗುತ್ತಾಳೆ. 'ವೇಷ' ನನಗೆ ಬೇರೆ ಕಡೆ ಬೇಕು. 1915ರ 'ದಿ ಬರ್ತ್ ಆಫ್ ಎ ನೇಷನ್'ನಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಪಾತ್ರ ಮಾಡಿದರಲ್ಲ, ಅದು ವೇಷ. (ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಕು ಕ್ಲಕ್ಸ್ ಕ್ಲಾನ್ ಗುಂಪನ್ನು ವೀರರಾಗಿಸಿದ ಆ ಚಿತ್ರವನ್ನು ಶ್ವೇತಭವನದಲ್ಲೇ ತೋರಿಸಿದ್ದರು!)

ಪಾತ್ರ ಯಾರಿಗೆ ಕೊಟ್ಟರು ಎಂದು ನೋಡಿದರೆ ತೊಡಕು ಹೆಚ್ಚುತ್ತದೆ. 1934ರ 'ಇಮಿಟೇಷನ್ ಆಫ್ ಲೈಫ್'ನಲ್ಲಿ ಇಂಥ ಮಗಳ ಪಾತ್ರ ಮಾಡಿದ ನಟಿ ಫ್ರೆಡಿ ವಾಷಿಂಗ್ಟನ್ ಕಪ್ಪು ಸಮುದಾಯದವರೇ. ಬಿಳಿಯರೆನಿಸಿಕೊಳ್ಳುವಷ್ಟು ತಿಳಿಬಣ್ಣವಿದ್ದರೂ ಸ್ವಂತ ಬದುಕಿನಲ್ಲಿ ಅವರು ಹಾಗೆ ಮಾಡಲು ಒಪ್ಪಲಿಲ್ಲ. 1949ರ 'ಪಿಂಕಿ'ಯಲ್ಲಿ ಅಂಥದೇ ಪಾತ್ರ ಬಿಳಿಯ ನಟಿ ಜೀನ್ ಕ್ರೇನ್‌ಗೆ ಹೋಯಿತು. ಕಪ್ಪು–ಬಿಳಿಯರ ದೇಹಸಂಬಂಧ ತೋರಿಸಕೂಡದೆಂದು ಸ್ಟುಡಿಯೋಗಳ ಸಂಹಿತೆಯೇ ಇದ್ದ ದಿನಗಳು. ಪರದೆಯ ಮೇಲೆ ಅಪ್ಪಿಕೊಂಡ ಇಬ್ಬರು ನಟರೂ ಬಿಳಿಯರೇ ಆದರೆ ಎಲ್ಲರಿಗೂ ಸಲೀಸು. ಹೇಡಿತನ ಎಂದೇ ನನ್ನ ಎಣಿಕೆ. ಇಷ್ಟಾದರೂ ಟೆಕ್ಸಸ್‌ನ ಮಾರ್ಷಲ್ ಊರು ಚಿತ್ರವನ್ನು ತಡೆಯಿತು. ಮೀರಿ ತೋರಿಸಿದ ಟಾಕೀಸಿನವನಿಗೆ ದಂಡ ಬಿತ್ತು. 1952ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು.

ನನಗೆ ಹತ್ತಿರವೆನಿಸಿದ್ದು 'ನಡೆ'. 'ಈ ನೋಟು ನಡೆಯುತ್ತಾ?' ಎಂದು ಕೇಳುವ ಅರ್ಥದಲ್ಲಿ. 'ಬಿಳಿಯಳಾಗಿ ನಡೆದಳು' ಎಂದರೆ ನೋಡಿದವರು ಒಪ್ಪಿಕೊಂಡರು ಎಂಬುದೂ ಬರುತ್ತದೆ. ಆದರೆ ಓದುಗರು ಕಾಲ್ನಡಿಗೆ ಎಂದುಕೊಂಡುಬಿಟ್ಟರೆ? 'ಚಲಾವಣೆಯಾದಳು' ನಗು ತರಿಸುತ್ತದೆ. ಪೇಟೆಯಲ್ಲಿ ಬಾಡಿಗೆ ಮನೆ ಸಿಗಲೆಂದು 'ಜಾತಿ ಮುಚ್ಚಿಡು'ವುದುಂಟು. ಅದನ್ನೇ 'ಬಣ್ಣ ಮುಚ್ಚಿಟ್ಟಳು' ಎನ್ನಲಾಗದು. ಬಣ್ಣ ಎದುರಿಗೇ ಇದೆ, ಮುಚ್ಚಿಟ್ಟದ್ದು ತಾಯಿಯನ್ನು. 'ಕುಲ ಮರೆಸಿ ಬಾಳು' ಹೇಗೆ? ಓದುಗರ ತಲೆ ನೇರ ನಮ್ಮ ಜಾತಿಗಳ ಕಡೆಗೇ ಹೋದೀತೆಂಬ ಅಳುಕು.

ರೆಬೆಕಾ ಹಾಲ್ 2021ರಲ್ಲಿ ಕಪ್ಪುಬಿಳುಪಿನಲ್ಲೇ ತೆಗೆದ ಚಿತ್ರದ ಹೆಸರು 'ಪಾಸಿಂಗ್'. ಹೆಸರನ್ನು ಹಾಗೇ ಬಿಡುತ್ತೇನೆ. ವಾಕ್ಯದೊಳಗೆ ಮಾತ್ರ ಕನ್ನಡದ ಕ್ರಿಯಾಪದ ಬೇಕು. ಸಂಸ್ಕೃತದ ಸಮಾಸ ಕಟ್ಟಿಕೊಡಬೇಡಿ, ದಯವಿಟ್ಟು. ನಿಮ್ಮ ಸೀಮೆಯ ಆಡುಮಾತಿನಲ್ಲೋ ದಲಿತ ಆತ್ಮಕಥನಗಳಲ್ಲೋ ಇಂಥ ಬಾಳಿಗೆ ಬಳಕೆಯ ಮಾತೊಂದಿದ್ದರೆ, ಅದು ಬಂದ ವಾಕ್ಯದ ಸಮೇತ ತಿಳಿಸಿ.