ಖೈಮ್ ಗ್ರಾಸ್ ಬಗ್ಗೆ ಸೆಮಿನಾರ್: ಬದುಕಿನ ಕ್ರಮ, ದಿಮ್ಮಿ ಕೆತ್ತನೆಯ ವಿಧಾನ, ಇಲ್ಲಿ ಯಾವ ಮರ ಸಿಗುತ್ತೆ?

ಶಿಲ್ಪವಿಭಾಗ_3 ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಿ.ವಿ.ಎ. ಶಿಲ್ಪಕಲೆ ಮೂರನೇ ವರ್ಷದ ಸೆಮಿನಾರಿಗೆ ಅಮೆರಿಕಕ್ಕೆ ವಲಸೆ ಹೋದ ಶಿಲ್ಪಿ, ಕಲಾ ಶಿಕ್ಷಕ ಖೈಮ್ ಗ್ರಾಸ್ ಅವರನ್ನು ಆರಿಸಿಕೊಂಡಿದ್ದೇನೆ. ಜೊತೆಗೆ ಅವರ ವಿಧಾನದಲ್ಲಿ ಎರಡಡಿ ಎತ್ತರದ ಒಂದು ಮರದ ಕೆಲಸವನ್ನೂ ಒಪ್ಪಿಸಬೇಕು. ಮೂರು ಪ್ರಶ್ನೆ:

ಹುಟ್ಟಿದ ವರ್ಷ ಒಂದು ಕಡೆ 1902, ಇನ್ನೊಂದು ಕಡೆ 1904 ಅಂತಿದೆ, ಯಾವುದನ್ನು ಬರೆಯಲಿ? ಅವರ ಆಕೃತಿಗಳು ಯಾಕೆ ಯಾವಾಗಲೂ ಒಬ್ಬರ ಮೇಲೊಬ್ಬರು ಹತ್ತಿ ನಿಂತಿರುತ್ತವೆ? ಗ್ರಾಸ್ ಬಳಸುತ್ತಿದ್ದ ಲಿಗ್ನಮ್ ವೈಟೆ ಅನ್ನುವ ತುಂಬಾ ಗಟ್ಟಿ ಮರದ ಬದಲು ಇಲ್ಲಿ ಯಾವ ಮರ ಬಳಸಬಹುದು? ಕೈಯಲ್ಲಿ ನಾಲ್ಕು ತಿಂಗಳಿದೆ.

ಕಲಾಚರಿತ್ರೆ_ಓದುಗ:

ಹುಟ್ಟಿದ ದಿನ ಮಾರ್ಚ್ 17. ವರ್ಷ ಎರಡೂ ಚಾಲ್ತಿಯಲ್ಲಿವೆ, ಹಳೆಯ ಕ್ಯಾಟಲಾಗುಗಳಲ್ಲಿ ಹೆಚ್ಚಾಗಿ 1904. ಎರಡನ್ನೂ ಕೊಟ್ಟು ಮುಂದೆ ಹೋಗಿ, ಅದರ ಮೇಲೆ ಒಂದು ಸ್ಲೈಡ್ ಖರ್ಚು ಮಾಡಬೇಡಿ.

ಅದಕ್ಕಿಂತ ಮುಖ್ಯವಾದದ್ದು ಹುಟ್ಟಿದ ಜಾಗ. ಆಗಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಗಲೀಷಿಯಾ, ಕಾರ್ಪೇಥಿಯನ್ ಬೆಟ್ಟದ ಕಾಡಿನ ಸೀಮೆ. ಹಸಿದಿಕ್ ಯಹೂದಿ ಮನೆತನ, ತಂದೆಯ ಕಸುಬು ಮರದ ವ್ಯಾಪಾರಕ್ಕೆ ಸೇರಿದ್ದು. ಮೊದಲ ಮಹಾಯುದ್ಧದಲ್ಲಿ ಮನೆಮಠ ಚದುರಿಹೋಯಿತು. ಬುಡಾಪೆಸ್ಟ್‌ನಲ್ಲಿ ಕಲಾಶಾಲೆ ಸೇರಿದರೂ ಹಂಗೆರಿಯಲ್ಲಿ ಯಹೂದಿ ವಿರೋಧಿ ಹೋರ್ಥಿ ಆಡಳಿತ ಬಂದ ಮೇಲೆ ಅಲ್ಲಿ ಉಳಿಯಲಾಗಲಿಲ್ಲ. ಆಮೇಲೆ ಸ್ವಲ್ಪ ಕಾಲ ವಿಯೆನ್ನಾ. 1921ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್. ಈ ತಿಂಗಳನ್ನು ಬಿಡಬೇಡಿ: ಅದೇ ವರ್ಷ ಮೇನಲ್ಲಿ ಅಮೆರಿಕ ವಲಸೆಗೆ ದೇಶವಾರು ಕೋಟಾ ಕಾನೂನು ತಂದಿತು. ಪೂರ್ವ ಯೂರೋಪಿನ ಯಹೂದಿಗಳಿಗೆ ಬಾಗಿಲು ಅಲ್ಲಿಂದ ಕಿರಿದಾಗುತ್ತಾ ಹೋಯಿತು.

ಕಿರಾಣಿ ಅಂಗಡಿಯ ಸಾಮಾನನ್ನು ಮನೆಮನೆಗೆ ತಲುಪಿಸುವ ಕೆಲಸ ಮಾಡುತ್ತಾ ಲೋಯರ್ ಈಸ್ಟ್ ಸೈಡ್‌ನ ಎಜುಕೇಷನಲ್ ಅಲಯನ್ಸ್ ಕಲಾಶಾಲೆಗೆ ಸೇರಿದರು. ವಲಸಿಗರಿಗಾಗಿಯೇ ನಡೆಯುತ್ತಿದ್ದ ಸಂಸ್ಥೆ ಅದು. ಮುಂದೆ ಹೆಸರಾದ ಚಿತ್ರಕಾರರು ಸೋಯರ್ ಸಹೋದರರು, ಅಡಾಲ್ಫ್ ಗಾಟ್ಲೀಬ್, ಪೀಟರ್ ಬ್ಲೂಮ್ ಎಲ್ಲ ಅದೇ ಶಾಲೆಯವರು. ಬೋ ಆರ್ಟ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿ ನಾಡೆಲ್‌ಮನ್ ಬಳಿ ಕಲಿತರು, ಅವರೂ ವಲಸಿಗರೇ, ಪೋಲೆಂಡಿನಿಂದ ಬಂದವರು. ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ರಾಬರ್ಟ್ ಲೊರಾಂ ಹತ್ತಿರ ನೇರ ಕೆತ್ತನೆ (ಮಾದರಿಯಿಲ್ಲದೆ ಸೀದಾ ಕೆತ್ತುವುದು) ಕಲಿತರು, ಅವರು ಫ್ರಾನ್ಸ್‌ನವರು. ಗುರುಗಳ ಈ ಸಾಲನ್ನು ನೋಡಿದರೆ ಸಾಕು, ಆ ಕಾಲದ ನ್ಯೂಯಾರ್ಕ್ ಶಿಲ್ಪಕಲೆ ಯಾರ ಕೈಯಲ್ಲಿತ್ತು ಅಂತ ಗೊತ್ತಾಗುತ್ತೆ.

1927ರಿಂದ ತಾವು ಕಲಿತ ಅಲಯನ್ಸ್‌ನಲ್ಲೇ ಪಾಠ ಶುರು, ಮುಂದೆ ದಶಕಗಟ್ಟಲೆ ಅದೇ ಜಾಗ. ನ್ಯೂ ಸ್ಕೂಲ್‌ನಲ್ಲೂ ಕಲಿಸಿದರು. 1930ರ ದಶಕದಲ್ಲಿ ಅವರ ತರಗತಿಯಲ್ಲಿದ್ದವರಲ್ಲಿ ಲೂಯಿಸ್ ನೆವೆಲ್‌ಸನ್ ಒಬ್ಬರು. ಆಕೆಯೂ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದವರು, ಮುಂದೆ ಹೆಸರು ಮಾಡಿದ್ದೂ ಮರದಲ್ಲೇ, ಆದರೆ ಕೆತ್ತಿ ಅಲ್ಲ, ಹಳೆ ಮರದ ತುಂಡುಗಳನ್ನು ಜೋಡಿಸಿ. ಗುರುವಿನ ಶೈಲಿಯೇ ಶಿಷ್ಯರಲ್ಲಿ ಕಾಣಬೇಕು ಅಂತ ಹುಡುಕಬೇಡಿ.

1932ರಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ, ಅದೇ ವರ್ಷ ರೆನೆ ಜೊತೆ ಮದುವೆ. 1937ರಲ್ಲಿ ಸ್ಕಲ್ಪ್ಟರ್ಸ್ ಗಿಲ್ಡ್ ಎಂಬ ಶಿಲ್ಪಿಗಳ ಸಂಘ ಕಟ್ಟಿದವರಲ್ಲಿ ಒಬ್ಬರು. ತೀರಿಕೊಂಡದ್ದು 1991ರ ಮೇ 5. 1963ರಲ್ಲಿ ಕೊಂಡ 526, ಲಾಗಾರ್ಡಿಯಾ ಪ್ಲೇಸ್‌ನ ಮನೆ ಮತ್ತು ಸ್ಟುಡಿಯೊ ಈಗ ಅವರ ಫೌಂಡೇಷನ್.

ಒಂದು ಎಚ್ಚರಿಕೆ. 30ರ ದಶಕದ ಸರ್ಕಾರಿ ಕೆಲಸಗಳಿಗೆಲ್ಲ "ಡಬ್ಲ್ಯು.ಪಿ.ಎ." (ನಿರುದ್ಯೋಗಿಗಳಿಗೆ ಕೆಲಸ ಕೊಡುತ್ತಿದ್ದ ಅಮೆರಿಕದ ಸರ್ಕಾರಿ ಸಂಸ್ಥೆ) ಅಂತ ಚೀಟಿ ಅಂಟಿಸಬೇಡಿ, ಪರೀಕ್ಷಕರು ಹಿಡಿಯುವುದೇ ಇಲ್ಲಿ. ಡಬ್ಲ್ಯು.ಪಿ.ಎ.ಯ ಕಲಾ ಯೋಜನೆ ಕೆಲಸವಿಲ್ಲದ ಕಲಾವಿದರಿಗೆ ವಾರದ ಸಂಬಳ ಕೊಡುತ್ತಿತ್ತು. ಖಜಾನೆ ಇಲಾಖೆಯ ಕಲಾ ವಿಭಾಗ ಬೇರೆ, ಅದು ಸಾಮಾನ್ಯವಾಗಿ ಸ್ಪರ್ಧೆ ನಡೆಸಿ ಗುತ್ತಿಗೆ ಕೊಡುತ್ತಿತ್ತು. ವಾಷಿಂಗ್ಟನ್‌ನ ಅಂಚೆ ಇಲಾಖೆ ಕಟ್ಟಡಕ್ಕೆ ಮಾಡಿದ, ಹಿಮದ ಮೇಲೆ ನಡೆಯುವ ಅಲಾಸ್ಕಾದ ಟಪಾಲಿನವನ ಅಲ್ಯೂಮಿನಿಯಂ ಪ್ರತಿಮೆ, ಫೆಡರಲ್ ಟ್ರೇಡ್ ಕಮಿಷನ್ ಕಟ್ಟಡದ ಸುಣ್ಣಕಲ್ಲಿನ ಉಬ್ಬುಶಿಲ್ಪ "ಕನ್‌ಸ್ಟ್ರಕ್ಷನ್", ಎರಡೂ ಖಜಾನೆ ಇಲಾಖೆ ಕಡೆಯವು. ಆ ಎರಡನೇ ಕಟ್ಟಡದ ಇನ್ನೊಂದು ಬಾಗಿಲ ಮೇಲಿನ ಉಬ್ಬುಶಿಲ್ಪ ಗುರು ಲೊರಾಂ ಅವರದ್ದು. ಎರಡರ ಫೋಟೊನೂ ಪಕ್ಕಪಕ್ಕ ಹಾಕಿ.

ಬಾಚಿ_ಉಳಿ:

ಎರಡನೇ ಮೂರನೇ ಪ್ರಶ್ನೆಗೆ ಉತ್ತರ ಒಂದೇ: ದಿಮ್ಮಿ.

ನೇರ ಕೆತ್ತನೆ ಅಂದರೆ ಜೇಡಿಮಣ್ಣಲ್ಲಿ ಪೂರ್ತಿ ಮಾದರಿ ಮಾಡಿ, ಅಳತೆ ತೆಗೆದು ಮರಕ್ಕೆ ಇಳಿಸುವುದಲ್ಲ. ಕೈಯಲ್ಲಿ ಚಿತ್ರ, ಮುಂದೆ ಮರ, ಅಷ್ಟೇ. ಹಾಗಾಗಿ ದಿಮ್ಮಿ ಎಷ್ಟು ದಪ್ಪವೋ ಆಕೃತಿ ಅಷ್ಟರೊಳಗೆ ಕೂರಬೇಕು. ಎಳೆ ಮೇಲಿಂದ ಕೆಳಕ್ಕೆ ಓಡುತ್ತೆ. ಕೈಯನ್ನು ಅಡ್ಡಕ್ಕೆ ಚಾಚಿದಂತೆ ಕೆತ್ತಿದರೆ ಆ ಕೈಯಲ್ಲಿ ಉದ್ದ ಎಳೆಯೇ ಇರಲ್ಲ, ಮೊಣಕೈ ಹತ್ತಿರ ಪಟ್ ಅಂತ ಮುರಿಯುತ್ತೆ. ಅದಕ್ಕೇ ಗ್ರಾಸ್ ಅವರ ಸರ್ಕಸ್ಸಿನವರು, ತಾಯಿ ಮಕ್ಕಳು ಮೈಗೆ ಮೈ ಅಂಟಿಕೊಂಡು ಮೇಲಕ್ಕೆ ಬೆಳೆಯುತ್ತಾರೆ. 1935ರ "ಹ್ಯಾಂಡಲ್‌ಬಾರ್ ರೈಡರ್ಸ್" ಲಿಗ್ನಮ್ ವೈಟೆಯಲ್ಲಿ ಮಾಡಿದ್ದು, ಮೂರಡಿಗಿಂತ ಹೆಚ್ಚು ಎತ್ತರ, ನ್ಯೂಯಾರ್ಕ್‌ನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾದಲ್ಲಿದೆ. ಸೈಕಲ್ ಹ್ಯಾಂಡಲ್ ಮೇಲೆ ಕಸರತ್ತು, ಆದರೂ ಇಡೀ ಗುಂಪಿನ ಸುತ್ತ ಮೂಲ ದಿಮ್ಮಿಯ ಗಡಿಯನ್ನು ಕಣ್ಣಲ್ಲೇ ಎಳೆಯಬಹುದು. ಸರ್ಕಸ್ ಅವರಿಗೆ ಇಷ್ಟವಿತ್ತು ನಿಜ, ಆ ವಸ್ತು ದಿಮ್ಮಿಗೆ ಸರಿಯಾಗಿ ಒಗ್ಗಿತು ಅನ್ನುವುದು ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ.

ಮರದ ವಿಷಯ. ಲಿಗ್ನಮ್ ವೈಟೆ ಒಂದು ಘನ ಅಡಿಗೆ ಸುಮಾರು 35 ಕಿಲೊ, ನೀರಲ್ಲಿ ಮುಳುಗುತ್ತೆ. ಅಂಟು ಹಿಡಿಯಲ್ಲ, ಮರದೊಳಗೇ ರಾಳದ ಎಣ್ಣೆಯಂಶ ಇರುತ್ತೆ. ಈಗ ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ, ಹುಡುಕಲೇಬೇಡಿ. ಬೀಟೆಯೂ ಅದೇ ಪಟ್ಟಿಯಲ್ಲಿದೆ. ದಾಖಲೆಯಿಲ್ಲದ ಬೀಟೆ, ಗಂಧ ಯಾರಾದರೂ ಕಡಿಮೆ ಬೆಲೆಗೆ ಕೊಡ್ತೀನಿ ಅಂದರೂ ಮುಟ್ಟಬೇಡಿ.

ಶಿವನೆ ಉಳಿಗೆ ಮೆತ್ತಗೆ, ಘನ ಅಡಿಗೆ 13–14 ಕಿಲೊ, ಆಕಾರ ಅಷ್ಟಾಗಿ ಕೆಡಲ್ಲ. ಆದರೆ ನಾಲ್ಕೇ ತಿಂಗಳು ಅಂತೀರಿ, ಎಂಟಿಂಚು ದಪ್ಪದ ಹಸಿ ದಿಮ್ಮಿ ಅಷ್ಟರಲ್ಲಿ ಒಣಗುವ ಮಾತೇ ಇಲ್ಲ. ಹಳೆ ಮನೆ ಕೆಡವಿದ ಸಾಮಾನು ಮಾರುವಲ್ಲಿ ಹೋಗಿ ತೇಗ, ಹಲಸು ಅಥವಾ ಹೊನ್ನೆಯ ತೊಲೆ ಕೇಳಿ. ಹತ್ತಾರು ವರ್ಷ ಒಣಗಿದ್ದು ಸಿಗುತ್ತೆ. ತರುವ ಮುಂಚೆ ಅಯಸ್ಕಾಂತ ಆಡಿಸಿ ಮೊಳೆ ಇದೆಯಾ ನೋಡಿ. ಒಂದೇ ಒಂದು ಮುರಿದ ಮೊಳೆ ಸಾಕು, ಉಳಿಯ ಬಾಯಿ ಹೋಗುತ್ತೆ. ಲಿಗ್ನಮ್ ವೈಟೆಯ ಗಟ್ಟಿತನ ಹೇಗಿರುತ್ತೆ ಅಂತ ಕೈಗೆ ಗೊತ್ತಾಗಬೇಕಾದರೆ ಹುಣಸೆಯ ಚೇಗಿನ ಸಣ್ಣ ತುಂಡು ಕೆತ್ತಿ ನೋಡಿ, ಮಾಂಸದಂಗಡಿಯ ಕೊರಡಿಗೆ ಅದನ್ನೇ ಇಡುವುದು ಸುಮ್ಮನೆ ಅಲ್ಲ.

ಕೆಲಸದ ಕ್ರಮ: 30 ಇಂಚು ಉದ್ದದ್ದು ತನ್ನಿ, ಎರಡೂ ತುದಿಯಲ್ಲಿ ಮೂರು ಮೂರು ಇಂಚು ಬಿರುಕಿಗೆ ಹೋಗಲಿ. ಮುಂದೆ, ಹಿಂದೆ, ಎರಡು ಪಕ್ಕ, ನಾಲ್ಕೂ ಕಡೆಯ ಚಿತ್ರವನ್ನು ಮರದ ಮೇಲೇ ಇದ್ದಿಲಲ್ಲಿ ಬರೆಯಿರಿ. ತಲೆ, ಸೊಂಟ, ಮೊಣಕಾಲಿನ ಮಟ್ಟ ನಾಲ್ಕೂ ಕಡೆ ಒಂದೇ ಗೆರೆಗೆ ಬರಬೇಕು. ತೆಗೆಯುವ ಕಡೆ ಗೆರೆಗೆ ಕಾಲಿಂಚು ಬಿಟ್ಟು ಗರಗಸದಿಂದ ಅಡ್ಡ ಕೊಯ್ದುಕೊಳ್ಳಿ, ಆಮೇಲೆ 35–40 ಮಿ.ಮೀ. ಅಗಲದ ಬಾಗುಬಾಯಿಯ ಉಳಿ, ಮುಕ್ಕಾಲು ಕಿಲೊ ಕೊಡತಿ. ಶಿವನೆಗೆ ಉಳಿಯ ಬಾಯಿ 20–25 ಡಿಗ್ರಿ ಮಸೆದರೆ ಸಾಕು, ಗಟ್ಟಿ ಮರಕ್ಕೆ 30 ದಾಟಬೇಕು, ಇಲ್ಲದಿದ್ದರೆ ಅಂಚು ಚಕ್ಕೆ ಏಳುತ್ತೆ. ಒಂದೇ ಕಡೆ ಮುಗಿಸಲು ಹೋಗದೆ ದಿಮ್ಮಿ ತಿರುಗಿಸುತ್ತಾ ಇರಿ. ಹೊಸಬರು ಮುಖದಿಂದ ಶುರು ಮಾಡಿ, ಪಕ್ಕದಿಂದ ನೋಡುವ ಹೊತ್ತಿಗೆ ತಲೆಗೆ ಹಿಂಭಾಗವೇ ಉಳಿದಿರಲ್ಲ. ಮೂಗು, ಮಂಡಿಯಂಥ ಹೊರಚಾಚಿದ ಜಾಗ ಕೊನೆಗೆ. ತಗ್ಗಿನಲ್ಲಿ ಎರಡೂ ದಡದಿಂದ ನಡುವಿಗೆ ಇಳಿಯಿರಿ, ಒಂದೇ ಓಟದಲ್ಲಿ ಆಚೆ ಹತ್ತಿದರೆ ಎಳೆ ಸೀಳುತ್ತೆ.

ಶಿಲ್ಪವಿಭಾಗ_3:

ಧನ್ಯವಾದ ಸರ್. ತೊಲೆಯ ನಡುವೆ ತಿರುಳು (ಉಂಗುರಗಳ ನಟ್ಟನಡುವಿನ ಬಿಂದು) ಇದ್ದರೆ? ಕೆತ್ತುವಾಗ ಸೀಳು ಬಂದರೆ ಏನು ಮಾಡಬೇಕು? ಕೊನೆಗೆ ಪಾಲಿಶ್ ಯಾವುದು?

ಮರ_ಮೇಣ:

ಮರ ಒಣಗುವಾಗ ಉಂಗುರದ ಸುತ್ತ ಕುಗ್ಗುವುದು, ತಿರುಳಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡರಷ್ಟು. ತಿರುಳು ಒಳಗೇ ಸಿಕ್ಕಿಕೊಂಡಿದ್ದರೆ ಆ ಎಳೆದಾಟ ತಡೆಯದೆ ಉದ್ದಕ್ಕೆ ಸೀಳು ಬಿಡುತ್ತೆ. ತಿರುಳು ತೊಲೆಯ ಒಂದು ಮೂಲೆಯಲ್ಲಿರುವ ತುಂಡು ಆರಿಸಿ, ಆ ಮೂಲೆಯನ್ನು ಕೆತ್ತಿ ತೆಗೆದುಬಿಡಬಹುದು. ನಟ್ಟನಡುವೆ ಇದ್ದರೆ ಬುಡದಿಂದ ಒಂದಿಂಚಿನ ಬೈರಿಗೆಯಲ್ಲಿ ಎಷ್ಟು ಆಳ ಹೋಗುತ್ತೋ ಅಷ್ಟು ತೂತು ಹಾಕಿ, ಕುಗ್ಗಲು ಜಾಗ ಸಿಗುತ್ತೆ. ಕೆಲಸ ನಿಲ್ಲಿಸಿದಾಗ ತುದಿಗಳಿಗೆ ಕರಗಿಸಿದ ಮೇಣ ಬಳಿದು, ಪ್ಲಾಸ್ಟಿಕ್ ಹೊದಿಸಿ ಇಡಿ. ಫ್ಯಾನ್ ಕೆಳಗೆ, ಬಿಸಿಲಲ್ಲಿ ಬೇಡ.

ಸೀಳು ಬಂದರೆ ಮರದಪುಡಿ-ಫೆವಿಕಾಲ್ ತುಂಬಬೇಡಿ. ಮೇಣ ಹಚ್ಚಿದ ಮೇಲೆ ಆ ಪಟ್ಟಿ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತೆ. ಮಳೆಗಾಲ ಬೇಸಿಗೆ ಎರಡರಲ್ಲೂ ಸೀಳು ತೆರೆದು ಮುಚ್ಚುತ್ತಿರುತ್ತೆ, ಪೂರ್ತಿ ಒಣಗಿದ ಮೇಲೆ ಅದೇ ಮರದ ತೆಳು ಬೆಣೆಯನ್ನು ಎಳೆ ಹೊಂದಿಸಿ ಕೂರಿಸಿ.

ಮುಗಿಸುವಾಗ ರಾಸ್ಪ್, ಅರ, ಆಮೇಲೆ ಉಜ್ಜುಕಾಗದ 80, 120, 180, 220. ನಡುವೆ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಎದ್ದ ನವಿರನ್ನು ಮತ್ತೆ ಉಜ್ಜಿ. ಜೇನುಮೇಣ ಒಂದು ಭಾಗ, ಟರ್ಪೆಂಟೈನ್ ಮೂರು ಭಾಗ: ಮೇಣದ ಪಾತ್ರೆಯನ್ನು ಬಿಸಿನೀರಲ್ಲಿಟ್ಟು ಕರಗಿಸಿ, ಒಲೆಯಿಂದ ದೂರ ತಂದ ಮೇಲೆ ಟರ್ಪೆಂಟೈನ್ ಸೇರಿಸಿ. ಮೆಲಮೈನ್ ಪಾಲಿಶ್ ಬೇಡವೇ ಬೇಡ, ಶಿಲ್ಪ ಹೋಗಿ ಸೋಫಾ ಕಾಲಾಗುತ್ತೆ.

ಕಲಾಚರಿತ್ರೆ_ಓದುಗ:

ಸೆಮಿನಾರಿಗೆ ಇನ್ನೊಂದು ಅಂಶ. 1950ರ ದಶಕದ ಕೊನೆಯಿಂದ ಗ್ರಾಸ್ ಹೆಚ್ಚಾಗಿ ಕಂಚಿಗೆ ತಿರುಗಿದರು. ಒಳಗೆ ಸರಳಿನ ಚೌಕಟ್ಟು ಕಟ್ಟಿ ಪ್ಲಾಸ್ಟರ್‌ನಲ್ಲಿ ಆಕೃತಿ ಮಾಡಿ, ಅದನ್ನು ಎರಕಕ್ಕೆ ಕಳಿಸುವುದು. ಬಾಚಿ_ಉಳಿ ಹೇಳಿದ ಅಡ್ಡ ಎಳೆಯ ಕಟ್ಟು ಕಂಚಿಗಿಲ್ಲ, ಕೈಕಾಲು ಗಾಳಿಗೆ ಚಾಚಿಕೊಳ್ಳುತ್ತವೆ, ನಡುವೆ ಖಾಲಿ ಜಾಗ ಬರುತ್ತೆ. ಸರ್ಕಸ್ ಕಲಾವಿದೆಯೊಬ್ಬರ ಆಕೃತಿಯಾದ, 1938ರ ಎಬೊನಿ ಮರದ "ಲಿಲಿಯನ್ ಲೈಟ್ಸೆಲ್" ಪಕ್ಕ, ಗ್ರೀನಿಚ್ ವಿಲೇಜ್‌ನ ಬೀದಿಯಲ್ಲಿರುವ 1979ರ ಕಂಚಿನ "ಫ್ಯಾಮಿಲಿ" ಇಟ್ಟು ತೋರಿಸಿ. ಮೊದಲನೆಯದು ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನದು. ನನ್ನ ಮಟ್ಟಿಗೆ ಮರದ ಕೃತಿಗಳೇ ಹೆಚ್ಚು ಬಿಗಿ. ಕಂಚಿನವು ಕೆಲವು ಸಡಿಲ, ಆದರೆ ಅದನ್ನು ನೀವು ಫೋಟೊ ನೋಡಿ ತೀರ್ಮಾನಿಸಿ.

ತಂತ್ರಕ್ಕೆ 1957ರಲ್ಲಿ ಅವರೇ ಬರೆದ ಕೈಪಿಡಿ ಇದೆ, ಮರದ ಜಾತಿ, ಉಳಿ, ಹಂತಗಳು ಎಲ್ಲ ಅದರಲ್ಲಿ ಸಿಗುತ್ತೆ, ಕಾಲೇಜು ಲೈಬ್ರರಿಯಲ್ಲಿ ಕೇಳಿ. ದಿಮ್ಮಿಯಿಂದ ಹೆಂಡತಿ ರೆನೆಯ ತಲೆಯನ್ನು ಕೆತ್ತುವ ಒಂದು ಕಿರುಚಿತ್ರವೂ 30ರ ದಶಕದ ಕೊನೆಯಲ್ಲಿ ಆಗಿತ್ತು. ಅದು ಸಿಕ್ಕರೆ ಗರಗಸದಿಂದ ಉಳಿಗೆ, ಉಳಿಯಿಂದ ಅರಕ್ಕೆ ಯಾವ ಹಂತದಲ್ಲಿ ಬದಲಾಯಿಸುತ್ತಾರೆ ಅನ್ನುವುದನ್ನು ಗಮನಿಸಿ ಬರೆದುಕೊಳ್ಳಿ.